ಮೂರು ಎತ್ತರದ ಕಟ್ಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಒಡೆದು ಬೇರೆಯಾದವು. ಗಡಿ ಬದಲಾದರೂ ಗುಳೆ ನಿಂತಿಲ್ಲ. ದುಡಿಯುವ ಕೈಗಳು ಗೋವಾ, ಪುಣೆ, ಮುಂಬಯಿ, ಮಂಗಳೂರು, ಬೆಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಮನೆಯ ಕೀಲಿ, ಎಮ್ಮೆ, ಶಾಲೆಗೆ ಹೋಗುವ ಮೊಮ್ಮಕ್ಕಳು ಹಿರಿಯರ ಪಾಲಿಗೆ ಉಳಿಯುತ್ತಾರೆ. ಆ ಹಿರಿಯರನ್ನೇ ಯಾರಾದರೂ ನೋಡಿಕೊಳ್ಳಬೇಕಾದ ದಿನ ಬಂದಾಗ ವೃದ್ಧಾಶ್ರಮದ ಮಾತು ಏಳುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಹಣವಿದ್ದವರಿಗೆ ನರ್ಸು, ಲಿಫ್ಟು, ಊಟದ ಕೋಣೆ ಇರುವ ವಸತಿಗಳಿವೆ. ಇಲ್ಲಿ ಮಠದ ದಾಸೋಹ, ನೆರೆಮನೆಯ ಸೊಸೆ, ದಾನಿಗಳು ಕಟ್ಟಿಸುವ ಹತ್ತಿಪ್ಪತ್ತು ಮಂಚದ ಆಶ್ರಮ ಇವೇ ಗತಿ. ಕೆಳಗಿನ ಸಂವಾದದ ಇಬ್ಬರೂ ಕಲ್ಪಿತರು. ಕಿರಿಯ ಅಂಥದೊಂದು ಆಶ್ರಮ ಕಟ್ಟಲು ಹೊರಟ ಸಮಿತಿಯವನು. ಹಿರಿಯರು ಅದರ ನಕ್ಷೆ ನೋಡಲು ಕುಳಿತವರು. ಹಿರಿಯರ ಮಾತು ಉದ್ದವಾದ್ದರಿಂದ ಅದನ್ನು ಬರವಣಿಗೆಯ ಕನ್ನಡಕ್ಕೆ ತಂದಿದ್ದೇನೆ, ಕಿರಿಯನದನ್ನು ಊರಿನ ಮಾತಿನಲ್ಲೇ ಬಿಟ್ಟಿದ್ದೇನೆ.

ಕಿರಿಯ: ಕಾಕಾ, ಇದ ನೋಡ್ರಿ ನಕ್ಷೆ. ಮೂವತ್ತು ಮಂಚ. ಒಂದೊಂದು ಮಂಚದ ಬಾಜೂ ಒಂದೊಂದು ಗಂಟಿ ಗುಂಡಿ. ಒತ್ತಿದ್ರ ಆಯಾ ಬರ್ತಾಳ. ಚಹಾ, ನಾಷ್ಟಾ, ಊಟ ಎಲ್ಲಾ ಮಂಚಕ್ಕೇ ಬರ್ತೈತಿ. ಸಂಡಾಸೂ ಕೋಲಿ ಒಳಗ. ಅವರು ಕಾಲು ಕೆಳಗಿಡೂದ ಬ್ಯಾಡ, ಹಂಗ ವ್ಯವಸ್ಥಾ ಮಾಡೇವಿ.

ಹಿರಿಯ: ಕಾಲು ಕೆಳಗಿಡುವುದೇ ಬೇಡ ಎಂದೆಯಲ್ಲ ತಮ್ಮಾ, ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಸಂಡಾಸು ಒಳಗಿರಲಿ, ರಾತ್ರಿ ಕತ್ತಲಲ್ಲಿ ಎಡವುವುದು ತಪ್ಪುತ್ತದೆ. ಆದರೆ ಈ ನಕ್ಷೆಯಲ್ಲಿ ಒಬ್ಬ ಮುದುಕ ದಿನಕ್ಕೆ ಎಷ್ಟು ಸಲ ಎದ್ದು ನಿಲ್ಲುತ್ತಾನೆ, ಎಷ್ಟು ಹೆಜ್ಜೆ ಹಾಕುತ್ತಾನೆ, ಎಣಿಸಿ ನೋಡು. ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ, ಅಷ್ಟೆ. 2007ರ ಕಾಯ್ದೆ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಬಂದದ್ದು, ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಲಿ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಅಲ್ಲಿ ಜಾಗ ಸಿಗಲಿ ಎನ್ನುತ್ತದೆ. ಅಂಥ ಮನೆಗಳಲ್ಲಿ ಯಾವ ಸೇವೆ ಇರಬೇಕೆಂದು ಹೇಳುವ ಉಪಕಲಂನಲ್ಲಿ ಎರಡನ್ನು ಹೆಸರಿಸಿದೆ. ಒಂದು ವೈದ್ಯಕೀಯ ಆರೈಕೆ, ಇನ್ನೊಂದು ಮನರಂಜನೆ. ಔಷಧಿ ಮತ್ತು ಟಿವಿ ಎಂದಿಟ್ಟುಕೋ. ನಡೆದಾಡುವ ಶಕ್ತಿಯನ್ನು ಉಳಿಸುವುದೂ ಒಂದು ಸೇವೆ ಎಂದು ಅಲ್ಲಿ ಯಾರಿಗೂ ಹೊಳೆದ ಹಾಗಿಲ್ಲ. ನಿಮ್ಮ ಸಮಿತಿಗೂ ಹೊಳೆದಿಲ್ಲ. ಕಾಯ್ದೆಯನ್ನು ಬೈಯಬಹುದು, ಆದರೆ ನಮ್ಮ ಮನೆಗಳ ಪ್ರೀತಿಯ ಮಾತೂ ಇದೇ ತಾನೆ? ಮಾವ ನೀರಿಗೆ ಎದ್ದರೆ ಸೊಸೆ ಓಡಿ ಬಂದು 'ಕುಂದರ್ರಿ, ನಾ ತರ್ತೀನಿ' ಎನ್ನುತ್ತಾಳೆ. ಅದರಲ್ಲಿ ಮರ್ಯಾದೆ ಇದೆ. ಮುದುಕನಿಗೆ ಮಾತ್ರ ಆ ದಿನದ ಒಂದು ಏಳುವಿಕೆ ಕಡಿಮೆಯಾಯಿತು.

ಕಿರಿಯ: ಒಂದ್ಸಲ ಎದ್ದೇಳೂದು ಕಮ್ಮಿ ಆದ್ರ ಏನಾತ್ರಿ?

ಹಿರಿಯ: ನಮ್ಮ ಕಡೆಯ ಹಗೇವು ನೆನಪಿಸಿಕೋ. ನೆಲದೊಳಗೆ ಜೋಳ ತುಂಬಿಡುವ ಕುಳಿ. ತುಂಬಿದ ಹಗೇವಿನಿಂದ ಒಂದು ಚೀಲ ತೆಗೆದರೆ ಗೊತ್ತೇ ಆಗುವುದಿಲ್ಲ. ತಳ ಕಂಡ ಹಗೇವಿನಲ್ಲಿ ಒಂದು ಸೇರು ತೆಗೆದರೂ ಮನೆಯವರ ಎದೆ ಝಲ್ಲೆನ್ನುತ್ತದೆ. ತೊಡೆಯ ಸ್ನಾಯು ಹಾಗೆ. ಕುರ್ಚಿಯಿಂದ ಎದ್ದು ನಿಲ್ಲಲು ಬೇಕಾದ ಬಲ ಇಪ್ಪತ್ತರಲ್ಲೂ ಎಂಬತ್ತರಲ್ಲೂ ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಎತ್ತಬೇಕಾದದ್ದು ಅದೇ ಮೈ. ದಾಸ್ತಾನು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುತ್ತದೆ. ಎಂಬತ್ತರ ಹೊತ್ತಿಗೆ ಬಹಳ ಮಂದಿ ಇರುವ ಬಲವನ್ನೆಲ್ಲ ಹಾಕಿದರೆ ಮಾತ್ರ ಏಳಬಲ್ಲರು. ಅಲ್ಲಿಂದ ಮುಂದೆ ಒಂದು ಜ್ವರ, ಒಂದು ವಾರದ ಹಾಸಿಗೆ ಸಾಕು, ಏಳುವುದೇ ನಿಂತುಹೋಗುತ್ತದೆ. ಇದು ಬರೀ ಉಪಮೆಯಲ್ಲ. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. ಸರಾಸರಿ 67 ವರ್ಷದ, ಯಾವ ದೊಡ್ಡ ರೋಗವೂ ಇಲ್ಲದ ಹತ್ತು ಹನ್ನೆರಡು ಮಂದಿಯನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿದರು. ಹತ್ತು ದಿನಕ್ಕೆ ಬರೀ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಕರಗಿತ್ತು. ಆರೋಗ್ಯವಂತರ ಕಥೆಯೇ ಹೀಗಾದರೆ, ಈಗಾಗಲೇ ಸೊರಗಿದವರಿಗೆ ಚಹಾ ಕಪ್ಪನ್ನೂ ಮಂಚಕ್ಕೇ ಮುಟ್ಟಿಸುವ ನಿಮ್ಮ ವ್ಯವಸ್ಥೆ ಏನು ಮಾಡೀತು? ಹತ್ತು ದಿನದಲ್ಲಿ ಆಗುವುದು ಹತ್ತು ತಿಂಗಳಲ್ಲಿ ಆಗುತ್ತದೆ. ನಿಧಾನವಾಗಿ ಆಗುವುದರಿಂದ ಅದಕ್ಕೆ ವಯಸ್ಸು ಎಂದು ಹೆಸರಿಡುತ್ತೇವೆ.

ಕಿರಿಯ: ನೀವು ಹೇಳೂದು ಖರೇ ಇರಬಹುದು. ಆದ್ರ ಈ ಮಂದಿ ಯಾರು ಅನ್ನೂದು ನೋಡ್ರಿ. ಎರಿ ಹೊಲದಾಗ ಜನ್ಮ ಪೂರ್ತಿ ಬೆನ್ನು ಬಗ್ಗಿಸಿದವರು. ಕಳೆ ತಗದು, ಹತ್ತಿ ಬಿಡಿಸಿ, ಜ್ವಾಳ ಕಿತ್ತು, ರಾಶಿ ಮಾಡಿ ಸವದ ಹೋಗ್ಯಾರ. ಈಗರ ಕುಂತು ಉಣ್ಣಲಿ ಅನ್ನೂದ್ರಾಗ ಏನ ತಪ್ಪೈತಿ?

ಹಿರಿಯ: ತಪ್ಪಿಲ್ಲ. ಈ ಪ್ರಶ್ನೆಗೆ ಉತ್ತರ ಕೊಡದೆ ವ್ಯಾಯಾಮದ ಮಾತಾಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಕುರ್ಚಿಯಲ್ಲಿ ಕುಳಿತು ನಿವೃತ್ತರಾದ ಪೇಟೆಯವರಿಗೆ ಹೇಳುವ 'ನಡೆಯಿರಿ' ಎಂಬ ಉಪದೇಶವನ್ನು, ಅರವತ್ತು ವರ್ಷ ನಡೆದೇ ಸವೆದವರಿಗೆ ಹಾಗೇ ಒಪ್ಪಿಸುವುದು ದಡ್ಡತನ. ಆದರೆ ಇಲ್ಲಿ ಎರಡನ್ನು ಬೇರೆ ಮಾಡಬೇಕು. ಸವೆದದ್ದು ಕೀಲು, ಸೊರಗುತ್ತಿರುವುದು ಸ್ನಾಯು. ಕೀಲಿನ ಸವೆತಕ್ಕೆ ಮಿತಿಮೀರಿದ ಭಾರ, ಬಗ್ಗಿದ ಬೆನ್ನು, ವಿಶ್ರಾಂತಿಯಿಲ್ಲದ ದಿನ ಇವೆಲ್ಲ ಕಾರಣ. ಸ್ನಾಯು ಸೊರಗುವುದಕ್ಕೆ ಕಾರಣ ಅದರ ಉಲ್ಟಾ. ಮೊಣಕಾಲು ನೋಯುತ್ತದೆಂದು ಕುಳಿತವರ ತೊಡೆ ಸೊರಗುತ್ತದೆ, ತೊಡೆ ಸೊರಗಿದ ಮೇಲೆ ಮೈಭಾರವೆಲ್ಲ ಅದೇ ನೋಯುವ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಈ ಸುತ್ತಿನಿಂದ ಅವರನ್ನು ಬಿಡಿಸುವುದು ಕುಳಿತು ಉಣ್ಣುವುದಲ್ಲ. ಸಾಲ, ಒಡೆಯನ ಕೂಗು, ಬಿಸಿಲಿನ ಕೂಲಿ ಇವುಗಳಿಂದ ಅವರಿಗೆ ವಿಶ್ರಾಂತಿ ಬೇಕು, ಖಂಡಿತ ಬೇಕು. ಕಾಲಿನಿಂದಲೇ ವಿಶ್ರಾಂತಿ ಕೊಡಲು ಹೊರಟರೆ ಮಾತ್ರ ಅದು ಬೇರೆಯದೇ ಆದೀತು. ಇನ್ನೊಂದು ಮಾತು. 'ದುಡಿದು ಸವೆದವರು' ಎಂದಾಗ ನಿನ್ನ ಕಣ್ಣ ಮುಂದೆ ಬಂದದ್ದು ಗಂಡಸೋ ಹೆಂಗಸೋ? ನಮ್ಮ ಕಡೆ ಗಂಡಸು ಅರವತ್ತಕ್ಕೆ ಅಗಸಿ ಕಟ್ಟಿ ಹಿಡಿಯುತ್ತಾನೆ. ಹೆಂಗಸು ಎಪ್ಪತ್ತೈದಕ್ಕೂ ರೊಟ್ಟಿ ಬಡಿಯುತ್ತಿರುತ್ತಾಳೆ. ಆಶ್ರಮಕ್ಕೆ ಬಂದ ದಿನ ಇಬ್ಬರನ್ನೂ ಒಂದೇ ಮಂಚಕ್ಕೆ ಹಚ್ಚುತ್ತೀರಿ. ಅವಳು ಕಳೆದುಕೊಳ್ಳುವುದು ಹೆಚ್ಚು, ಅವನಿಗೆ ಮೊದಲಿನಿಂದ ಕಲಿಸಬೇಕಾದದ್ದು ಹೆಚ್ಚು.

ಕಿರಿಯ: ಎಂಬತ್ತು ಆದಮ್ಯಾಲೆ ಏನ ಕಲಸ್ತೀರಿ ಕಾಕಾ? ಗಿಡ ಆಗಿ ಬಗ್ಗದ್ದು.

ಹಿರಿಯ: ಗಾದೆ ಬಗ್ಗುವುದರ ಬಗ್ಗೆ ಇದೆ, ಬಲಿಯುವುದರ ಬಗ್ಗೆ ಇಲ್ಲ. 1990ರಲ್ಲಿ ಬಾಸ್ಟನ್ನಿನ ಹಿರಿಯರ ಆರೈಕೆ ಮನೆಯೊಂದರಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಒಂದು ಧೈರ್ಯ ಮಾಡಿದರು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ಬಲಹೀನರಿಗೆ 8 ವಾರ ಕಾಲಿಗೆ ಭಾರ ಕಟ್ಟಿ ಎತ್ತಿಸಿದರು. ಒಂದೇ ಭಾರವಲ್ಲ, ಶಕ್ತಿ ಬಂದಂತೆ ಭಾರವನ್ನೂ ಏರಿಸಿದರು. ಕೊನೆಗೆ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಹತ್ತೇ ಮಂದಿ, ಹೋಲಿಸಲು ಇನ್ನೊಂದು ಗುಂಪಿಲ್ಲ ಎಂದು ಯಾರಾದರೂ ಹೇಳಬಹುದು. ಅದಕ್ಕೇ 1994ರಲ್ಲಿ ಅದೇ ಗುಂಪು 100 ಮಂದಿಯ ಮೇಲೆ, ಚೀಟಿ ಎತ್ತಿದಂತೆ ಪಾಲು ಮಾಡಿ, ದೊಡ್ಡ ಪ್ರಯೋಗ ನಡೆಸಿತು. ಸರಾಸರಿ ವಯಸ್ಸು 87. 10 ವಾರದಲ್ಲಿ ಭಾರ ಎತ್ತಿದವರ ಸ್ನಾಯುಬಲ ಶೇ 113ರಷ್ಟು, ಮೆಟ್ಟಿಲೇರುವ ಶಕ್ತಿ ಶೇ 28ರಷ್ಟು ಹೆಚ್ಚಿತು. ಅದೇ ಪ್ರಯೋಗದಲ್ಲಿ ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಬಲದಲ್ಲಿ ಲಾಭವಾಗಲಿಲ್ಲ. ದಾನಿಗಳು ಹಾಲು, ಹಣ್ಣು, ಬಾದಾಮಿ ತಂದುಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಮನೆಗಳು ಇದನ್ನು ಗೋಡೆಗೆ ಬರೆಸಬೇಕು. ಹಾಗೆಂದು ಊಟದಲ್ಲಿ ಜಿಪುಣತನ ಬೇಡ. ಹಲ್ಲಿಲ್ಲದವರಿಗೆ ಬರೀ ಗಂಜಿ ಹಾಕಿ ಭಾರ ಎತ್ತಿ ಎಂದರೆ ಸ್ನಾಯು ಎಲ್ಲಿಂದ ಬೆಳೆಯಬೇಕು? ರೊಟ್ಟಿಯನ್ನು ಮುರಿದು ಹೆಸರುಕಾಳಿನ ಪಲ್ಲೆಯಲ್ಲಿ ನೆನೆಸಿ, ಮೇಲೆ ಮೊಸರು, ಶೇಂಗಾ ಹಿಂಡಿ ಕೊಟ್ಟರೆ ಹೊರಗಿನ ಡಬ್ಬಿ ಪುಡಿ ಯಾಕೆ?

ಮತ್ತೆ, ಭಾರ ಏರಿಸುತ್ತ ಹೋಗುವುದೆಂಬುದು ಬಾಸ್ಟನ್ನಿನವರು ಕಂಡುಹಿಡಿದದ್ದೇನಲ್ಲ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಹಳ್ಳಿಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಜೋಳದ ಚೀಲ ಎತ್ತುತ್ತಾರೆ. ಸಣ್ಣ ಗುಂಡು ಸಲೀಸಾದ ಮೇಲೆಯೇ ದೊಡ್ಡದಕ್ಕೆ ಕೈಹಾಕುವುದು ಗರಡಿ ಮನೆಯ ಮೊದಲ ಪಾಠ. ಆ ಪಾಠ ಇಪ್ಪತ್ತರ ಹುಡುಗರಿಗೆ ಮಾತ್ರ ಎಂದು ನಾವು ಸುಮ್ಮನೆ ನಂಬಿಕೊಂಡಿದ್ದೇವೆ. ಎಂಬತ್ತರ ಅಜ್ಜಿಗೆ ಅರ್ಧ ಕಿಲೋ ಮರಳು ತುಂಬಿದ ಬಟ್ಟೆ ಚೀಲ ಕಣಕಾಲಿಗೆ ಕಟ್ಟಿದರೆ ಅದೇ ಅವಳ ಗುಂಡು. ಹದಿನೈದು ದಿನಕ್ಕೆ ಇನ್ನೊಂದು ಹಿಡಿ ಮರಳು.

ಕಿರಿಯ: ನಮ್ಮ ಮಂದಿಗೆ ಇದೆಲ್ಲಾ ಹೇಳಿಕೊಡಬೇಕೇನ್ರಿ? ಉಗಾದಿಗೆ ಶ್ರೀಶೈಲಕ್ಕ ಎಷ್ಟ ಮುದುಕರು ನಡಕೊಂತ ಹೋಗ್ತಾರ ನೋಡ್ರಿ. ಇಂಡಿ ಕಡೆಯವರು ಆಷಾಢಕ್ಕ ಪಂಢರಪುರಕ್ಕ ಹೋಗ್ತಾರ. ಎಪ್ಪತ್ತು ದಾಟಿದವರು ನಮಗಿಂತಾ ಬಿರಸ ನಡೀತಾರ.

ಹಿರಿಯ: ನಡೆಯುತ್ತಾರೆ, ಅದು ಹೆಮ್ಮೆಯ ಮಾತು, ಆದರೆ ಪುರಾವೆಯಲ್ಲ. ಪಾದಯಾತ್ರೆಯ ದಾರಿಯಲ್ಲಿ ನಿಂತು ಎಣಿಸಿದರೆ ನಿನಗೆ ಸಿಗುವುದು ನಡೆಯಬಲ್ಲವರ ಲೆಕ್ಕ. ನಡೆಯಲಾರದೆ ಪಡಸಾಲೆಯಲ್ಲಿ ಉಳಿದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ನಡೆದದ್ದರಿಂದ ಗಟ್ಟಿಯಾದರೋ, ಗಟ್ಟಿ ಇದ್ದದ್ದರಿಂದ ನಡೆದರೋ ಎಂಬುದನ್ನು ದಾರಿ ಹೇಳುವುದಿಲ್ಲ. ಅದನ್ನು ತಿಳಿಯಲು ನಡೆಯದವರನ್ನೇ ಹಿಡಿಯಬೇಕು. ಅಮೆರಿಕದಲ್ಲಿ 70ರಿಂದ 89 ವರ್ಷದ, ಕುಳಿತೇ ದಿನ ಕಳೆಯುತ್ತಿದ್ದ 1,635 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ನಡಿಗೆ, ಕಾಲಿನ ಬಲ, ಸಮತೋಲದ ಅಭ್ಯಾಸ. ಇನ್ನೊಂದಕ್ಕೆ ಆರೋಗ್ಯದ ಉಪನ್ಯಾಸ. ಫಲಿತಾಂಶ ಬಂದದ್ದು 2014ರಲ್ಲಿ. ಸರಾಸರಿ 2.6 ವರ್ಷಗಳಲ್ಲಿ 400 ಮೀಟರು ನಡೆಯುವ ಶಕ್ತಿ ಕಳೆದುಕೊಂಡವರು ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 35.5, ಅಭ್ಯಾಸ ಮಾಡಿದವರಲ್ಲಿ 30.1. ವ್ಯತ್ಯಾಸ ಐದು ಮಂದಿ. ಕಡಿಮೆಯಾಯಿತೆಂದು ಮುಖ ಸಣ್ಣದು ಮಾಡಬೇಡ. ನಿನ್ನ ಮೂವತ್ತು ಮಂಚದಲ್ಲಿ ಅದು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರು ಅಗಸಿಯವರೆಗೆ ತಾವೇ ಹೋಗಿ ಬರಬಲ್ಲರು ಎಂದರೆ ಆಯಾಗೂ ಅಷ್ಟು ಕೆಲಸ ಉಳಿಯಿತು.

ಕಿರಿಯ: ಬಿದ್ರ? ಸೊಂಟ ಮುರದ್ರ? ಮಗಾ ಪುಣೆದಿಂದ ಬಂದು ನಮ್ಮ ಕೊಳ್ಳಪಟ್ಟಿ ಹಿಡೀತಾನ. ಮಂಚದ ಮ್ಯಾಲ ಇದ್ದವರು ಬೀಳೂದಿಲ್ಲ, ಅದಂತೂ ಗ್ಯಾರಂಟಿ.

ಹಿರಿಯ: ಇದು ನಿಜವಾದ ಭಯ. ಇದಕ್ಕೆ ಸಿಗುವ ಪುರಾವೆಯೂ ನನ್ನ ವಾದಕ್ಕೆ ಪೂರ್ತಿ ಅನುಕೂಲವಾಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಜಗತ್ತಿನ ಪ್ರಯೋಗಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಮನೆಯಲ್ಲಿರುವ ಹಿರಿಯರ ವಿಷಯದಲ್ಲಿ ಅದರ 2019ರ ತೀರ್ಮಾನ ಸ್ಪಷ್ಟ. ನೂರಕ್ಕೂ ಹೆಚ್ಚು ಪ್ರಯೋಗ, 23 ಸಾವಿರಕ್ಕೂ ಹೆಚ್ಚು ಜನ, ವ್ಯಾಯಾಮದಿಂದ ಬೀಳುವುದು ಸುಮಾರು ಶೇ 23ರಷ್ಟು ಕಡಿಮೆ. ಆರೈಕೆ ಮನೆಗಳಲ್ಲಿರುವವರ ಬಗ್ಗೆ ಅದೇ ಸಂಸ್ಥೆ 2018ರಲ್ಲಿ ಹೇಳಿದ್ದು, ವ್ಯಾಯಾಮದ ಪರಿಣಾಮ ಖಚಿತವಿಲ್ಲ ಎಂದು. ಕೆಲವು ಕಡೆ ಇಳಿದಿತ್ತು, ಕೆಲವು ಕಡೆ ಇಲ್ಲ. ಇಲ್ಲಿ ನಿಂತು ಯೋಚಿಸಬೇಕು. ಆರೈಕೆ ಮನೆಯ ಹಿರಿಯರು ಹೆಚ್ಚು ಸೊರಗಿದವರು, ಮರೆವು ಇರುವವರು. ಕುರ್ಚಿಯಲ್ಲಿ ಕೂರಿಸಿ ಕೈ ಮೇಲೆತ್ತಿಸಿ ಕೆಳಗಿಳಿಸಿದರೆ ಅವರ ಕಾಲಿಗೆ ಏನೂ ಆಗುವುದಿಲ್ಲ. ಹಾಗೆಂದು ಸುಮ್ಮನೆ ಓಡಾಡಿಸಿದರೆ ಬೀಳುವ ಸಂದರ್ಭಗಳೇ ಹೆಚ್ಚಾಗುತ್ತವೆ. ಮೊದಲು ಬಲ, ಅದರ ಜೊತೆಗೆ ಸಮತೋಲ, ಎರಡೂ ಮೆಲ್ಲಗೆ ಏರುತ್ತ ಹೋಗಬೇಕು. ಆಸ್ಟ್ರೇಲಿಯಾದ 16 ಆರೈಕೆ ಮನೆಗಳಲ್ಲಿ 221 ಮಂದಿಯ ಮೇಲೆ ಹಾಗೆಯೇ ಮಾಡಿದರು, 25 ವಾರದಲ್ಲಿ 50 ಗಂಟೆ. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಬೀಳುವುದು ಶೇ 55ರಷ್ಟು ಇಳಿಯಿತು. ಒಂದು ಪ್ರಯೋಗದಿಂದ ಎಲ್ಲ ತೀರ್ಮಾನವಾಗದು. ಆದರೆ ಯಾವ ವ್ಯಾಯಾಮ ಮಾಡಿಸುತ್ತೇವೆ ಎಂಬುದೂ ಮುಖ್ಯ ಎಂದು ಅದರಿಂದ ಅನಿಸುತ್ತದೆ.

ನಿನ್ನ ಗ್ಯಾರಂಟಿಯ ವಿಷಯ. ಮಂಚದ ಮೇಲಿದ್ದವರು ಬೀಳುವುದಿಲ್ಲ ಎನ್ನುವುದು ಸರಿಯೇ ಅಲ್ಲ. ಅವರೂ ರಾತ್ರಿ ಒಂದಕ್ಕೆ ಏಳುತ್ತಾರೆ. ಹಗಲೆಲ್ಲ ಕೆಲಸವಿಲ್ಲದ ಕಾಲನ್ನು ಆ ಹೊತ್ತಿನಲ್ಲಿ ನಂಬಿ ಏಳುತ್ತಾರೆ. ಬೀಳುವುದು ಆಗಲೇ. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು, ಮಲಬದ್ಧತೆ, ಎದೆಗೆ ಕಫ ಕಟ್ಟುವುದು ಇವೆಲ್ಲ ಬೀಳದೆಯೇ ಬರುತ್ತವೆ. ಅದಕ್ಕೆ ಯಾವ ಮಗನೂ ಕೊಳ್ಳಪಟ್ಟಿ ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಬಿದ್ದರೆ ಆಶ್ರಮದ ತಪ್ಪು, ಮಲಗಿ ಸೊರಗಿದರೆ ದೇವರಿಚ್ಛೆ ಎಂಬ ಈ ಲೆಕ್ಕವೇ ಸಮಿತಿಗಳನ್ನು ಮಂಚದ ಕಡೆ ತಳ್ಳುತ್ತದೆ. ಮಗನನ್ನು ಮೊದಲ ದಿನವೇ ಕೂರಿಸಿ ಎರಡೂ ಅಪಾಯಗಳನ್ನು ಹೇಳಿ, ಅವನೂ ಅವನ ತಾಯಿಯೂ ಕೂಡಿ ಆರಿಸಲಿ. ತಾಯಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸಾಮಾನ್ಯವಾಗಿ ಅವಳನ್ನು ಯಾರೂ ಕೇಳುವುದಿಲ್ಲ.

ಕಿರಿಯ: ವ್ಯಾಯಾಮ ಮಾಡ್ಸಿದ್ರ ಮನಸಿಗೂ ಚಲೋ, ಬ್ಯಾಸರ ಹೋಗ್ತೈತಿ ಅಂತಾರಲ್ರಿ? ಹಂಗಾದ್ರ ದಾನಿಗಳಿಗೆ ಹೇಳಾಕ ಬರ್ತೈತಿ.

ಹಿರಿಯ: ದಾನಿಗಳಿಗೆ ಸುಳ್ಳು ಹೇಳಬೇಡ. ಇಂಗ್ಲೆಂಡಿನ 78 ಆರೈಕೆ ಮನೆಗಳಲ್ಲಿ 891 ಮಂದಿಯನ್ನು ಹಿಡಿದು ನಡೆಸಿದ ಪ್ರಯೋಗವೊಂದು 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ಸಲ, ಸಲಕ್ಕೆ 45 ನಿಮಿಷ ಫಿಸಿಯೋಥೆರಪಿಸ್ಟರ ಮುಂದೆ ವ್ಯಾಯಾಮ. ಸಿಬ್ಬಂದಿಗೂ ತರಬೇತಿ ಕೊಟ್ಟಿದ್ದರು. ಖಿನ್ನತೆ ಇಳಿಯಲಿಲ್ಲ. ಮಗನ ಫೋನು ಬಾರದ ಸಂಜೆಯನ್ನು ಕಾಲಿಗೆ ಮರಳುಚೀಲ ಕಟ್ಟಿ ಕಳೆಯಲಾಗದು, ಅದಕ್ಕೆ ಮಗನ ಫೋನೇ ಬೇಕು. ನಾನು ವ್ಯಾಯಾಮದಿಂದ ಕೇಳುವುದು ಎದ್ದೇಳುವ ಶಕ್ತಿಯನ್ನು, ಅಷ್ಟನ್ನೇ. ಬೇಸರದ ಮಾತು ಬೇರೆ. ಅಲ್ಲಿ ಇನ್ನೊಂದು ದಾರಿ ಇದೆ, ಅದೂ ಕಾಲಿಗೆ ಸಂಬಂಧಪಟ್ಟದ್ದೇ. ಆ ಮೂವತ್ತು ಮಂದಿಗೆ ಏಳುವುದಕ್ಕೊಂದು ಕಾರಣ ಬೇಕು.

ಕಿರಿಯ: ಅಂದ್ರ ಕೆಲಸ ಹಚ್ಚೂದು. ಬಸವಣ್ಣನ ನಾಡು, ಕಾಯಕ ಅಂತೀರಿ. ನಾಳೆ ಪೇಪರನ್ಯಾಗ ಬರ್ತೈತಿ, ವೃದ್ಧಾಶ್ರಮದಾಗ ಮುದುಕರ ಕಡಿಂದ ಪಾತ್ರಿ ತೊಳಸ್ತಾರಂತ.

ಹಿರಿಯ: ಬರಬೇಕು ಕೂಡ, ತೊಳೆಸಿದರೆ. ಕಾಯಕದ ಹೆಸರಿನಲ್ಲಿ ಆಳಿನ ಸಂಬಳ ಉಳಿಸುವ ಆಶ್ರಮಕ್ಕೆ ಬೀಗ ಹಾಕಿಸಬೇಕು. ಬಾಗೇವಾಡಿಯ ನೆಲದಿಂದ ಎದ್ದ ಆ ಮಾತಿಗೆ ಒಳಗಿನ ಒಪ್ಪಿಗೆ ಬೇಕು, ಕೆಲಸದ ಘನತೆ ಬೇಕು. ಹೇರಿದ ಕೆಲಸಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇದೆ, ಬಿಟ್ಟಿ. ಇವೆರಡರ ನಡುವಿನ ಗೆರೆ ಆಯ್ಕೆಯದು. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ಆರೈಕೆ ಮನೆಯಲ್ಲಿ ಸಣ್ಣ ಪರೀಕ್ಷೆ ಮಾಡಿದರು. ಒಂದು ಅಂತಸ್ತಿನವರಿಗೆ, ನಿಮ್ಮ ಕೋಣೆ ನಿಮ್ಮ ಜವಾಬ್ದಾರಿ, ಬೇಕಾದ ಗಿಡ ಆರಿಸಿಕೊಂಡು ನೀವೇ ನೀರು ಹಾಕಿ ಎಂದರು. ಇನ್ನೊಂದು ಅಂತಸ್ತಿನವರಿಗೆ, ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ, ಗಿಡಕ್ಕೆ ನರ್ಸು ನೀರು ಹಾಕುತ್ತಾಳೆ ಎಂದರು. ಕೆಲವೇ ವಾರಗಳಲ್ಲಿ ಮೊದಲಿನವರು ಹೆಚ್ಚು ಚುರುಕಾಗಿ, ಹೆಚ್ಚು ಓಡಾಡುವವರಾಗಿ ಕಂಡರು. ಈ ಪರೀಕ್ಷೆ ಚಿಕ್ಕದು, ಅದರ ಮುಂದಿನ ಲೆಕ್ಕಗಳ ಬಗ್ಗೆ ತಕರಾರೂ ಇದೆ, ಹಾಗಾಗಿ ಅದನ್ನು ವೇದವಾಕ್ಯ ಮಾಡುವುದಿಲ್ಲ. ಅದೇ ಕಾಲದಲ್ಲಿ ರಿಚರ್ಡ್ ಶುಲ್ಜ್ ಎಂಬವರು ನಡೆಸಿದ ಇನ್ನೊಂದರಿಂದ ಎಚ್ಚರಿಕೆಯ ಪಾಠವಿದೆ. ಕಾಲೇಜು ಹುಡುಗರ ಭೇಟಿಯನ್ನು ತಾವೇ ನಿಗದಿ ಮಾಡಿಕೊಳ್ಳುತ್ತಿದ್ದ ಹಿರಿಯರು ಮೊದಲು ಗೆಲುವಾದರು. ಪ್ರಯೋಗ ಮುಗಿದು ಹುಡುಗರು ಬರುವುದು ನಿಂತ ಮೇಲೆ ಅವರೇ ಹೆಚ್ಚು ಕುಸಿದರು. ಉದ್ಘಾಟನೆಯ ತಿಂಗಳಲ್ಲಿ ಯೋಗ ಶಿಬಿರ ಮಾಡಿ ಮುಂದಿನ ತಿಂಗಳು ಮರೆಯುವ ಸಮಿತಿಗಳಿಗೆ ಇದು ಗೊತ್ತಿರಬೇಕು. ನಡೆಸಲಾಗದ್ದನ್ನು ಶುರು ಮಾಡಬೇಡಿ.

ಹಾಗಾದರೆ ಏನು ಕೆಲಸ? ಇಂಡಿಯ ಕಡೆಯಾದರೆ ಹಿತ್ತಲಲ್ಲಿ ನಾಲ್ಕು ನಿಂಬೆಗಿಡ ಸಾಕು. ಇಂಡಿ ನಿಂಬೆಯ ಬೆಲೆಯ ಬಗ್ಗೆ ಮಾತಾಡಲು ಅಲ್ಲಿನ ಮುದುಕರಿಗೆ ಯಾರೂ ಕಲಿಸಬೇಕಿಲ್ಲ, ಗಿಡದ ತನಕ ನಡೆದೇ ಮಾತಾಡಲಿ. ಕೌದಿ ಹೊಲಿಯುವವರು ಹೊಲಿಯಲಿ, ಆದರೆ ಅದು ಕುಳಿತ ಕೆಲಸ, ಅರಿವೆಯ ಗಂಟನ್ನು ಪಡಸಾಲೆಯ ಆ ತುದಿಯಲ್ಲಿಡಿ. ಕುಡಿಯುವ ನೀರಿನ ಕೊಡ ಮಂಚದ ಪಕ್ಕ ಬೇಡ, ಊಟದ ಕೋಣೆಯಲ್ಲಿರಲಿ. ಊಟಕ್ಕೆ ಎಲ್ಲರೂ ಅಲ್ಲಿಗೇ ಬರಲಿ. ಬರಲಾರದವರನ್ನು ಹಿಡಿದು ಕರೆತರಲು ಆಯಾಗೆ ಹತ್ತು ನಿಮಿಷ ಬೇಕು, ತಟ್ಟೆ ಮುಟ್ಟಿಸಲು ಎರಡೇ ನಿಮಿಷ ಸಾಕು. ಆ ಎಂಟು ನಿಮಿಷವೇ ನಿಮ್ಮ ಆಶ್ರಮದ ನಿಜವಾದ ಖರ್ಚು. ಮರಳುಚೀಲಕ್ಕೆ ದುಡ್ಡೇನೂ ಹತ್ತುವುದಿಲ್ಲ. ಒಬ್ಬಳು ಆಯಾ ಹೆಚ್ಚಿಗೆ ಬೇಕಾಗುತ್ತದೆ ಎಂದು ಬಜೆಟ್ಟಿನಲ್ಲಿ ಈಗಲೇ ಬರೆ. ಗಂಟೆ ಗುಂಡಿಗಳ ತಂತಿಗೆ ಇಟ್ಟದ್ದರಲ್ಲಿ ಅರ್ಧ ಇಲ್ಲಿಗೆ ಹಾಕು. ಎಲ್ಲ ಗುಂಡಿಯನ್ನೂ ತೆಗೆಯಬೇಡ, ಎದೆನೋವು ಬಂದವರು ಯಾರನ್ನು ಕೂಗಬೇಕು?

ಕಿರಿಯ: ನೆಲದ ಮ್ಯಾಲ ಪಂಕ್ತಿ ಹಾಕಿ ಊಟಕ್ಕ ಕುಂದರಿಸಿದ್ರ ಹ್ಯಾಂಗ್ರಿ? ನಮ್ಮ ಪದ್ಧತಿನೂ ಉಳೀತು, ವ್ಯಾಯಾಮನೂ ಆತು.

ಹಿರಿಯ: ಆಸೆಯ ಮಾತು, ಪುರಾವೆಯೂ ತುಸು ಇದೆ. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಮಂದಿಯನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ, ಕೈ ಮೊಣಕಾಲು ಊರಿದ್ದಕ್ಕೆ ಅಂಕ ಕಳೆದು, ವರ್ಷಗಟ್ಟಲೆ ಅವರ ಜಾಡು ಹಿಡಿದರು. ಆಸರೆಯಿಲ್ಲದೆ ಎದ್ದವರು ಹೆಚ್ಚು ಬದುಕಿದರು. ಆದರೆ ಇದು ಮತ್ತೆ ಪಾದಯಾತ್ರೆಯ ಲೆಕ್ಕವೇ, ಏಳಬಲ್ಲವರು ಗಟ್ಟಿ ಇದ್ದವರು. ಇನ್ನೊಂದು ಕಡೆ, ಬೀಜಿಂಗ್‌ನ ಹಿರಿಯರ ಅಧ್ಯಯನದಲ್ಲಿ ಹರೆಯದಲ್ಲಿ ದಿನಕ್ಕೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕುಳಿತವರಿಗೆ ಮೊಣಕಾಲಿನ ಸವೆತ ಹೆಚ್ಚೆಂದು ಕಂಡಿತ್ತು. ನಮ್ಮ ಹೆಂಗಸರು ಒಲೆಯ ಮುಂದೆ, ಹೊಲದ ಸಾಲಿನಲ್ಲಿ ಕುಳಿತದ್ದು ಕಡಿಮೆಯೇ? ಮೊಣಕಾಲು ಸವೆದವರನ್ನು ಪದ್ಧತಿಯ ಹೆಸರಲ್ಲಿ ನೆಲಕ್ಕೆ ಕೂರಿಸುವುದು ನಿರ್ದಯೆ. ಕೂರಬಲ್ಲವರು ಕೂರಲಿ, ಅವರನ್ನು ಎಬ್ಬಿಸಿ ಕುರ್ಚಿಗೆ ಹಾಕಬೇಡಿ. ಉಳಿದವರಿಗೆ ಬೇರೆ ಎತ್ತರ ಬೇಕು.

ಕಿರಿಯ: ಇನ್ನ ಹೊತ್ತಿನ ಮಾತು. ಏಪ್ರಿಲ್, ಮೇದಾಗ ನಲವತ್ತು ಡಿಗ್ರಿ ದಾಟ್ತೈತಿ. ಯಾವಾಗ ನಡಸೂದು? ಹೇಳಿಕೊಡಾಂವ ಯಾರು? ತಾಲೂಕಿನಾಗ ಫಿಸಿಯೋಥೆರಪಿ ಮಾಡಾವ್ರು ಎಷ್ಟ ಮಂದಿ ಅದಾರ?

ಹಿರಿಯ: ಹೊತ್ತು ಸುಲಭ. ಬೇಸಿಗೆಯಲ್ಲಿ ಏಳರೊಳಗೆ, ಸಂಜೆ ಆರರ ಮೇಲೆ, ನಡುಹಗಲು ಪಡಸಾಲೆಯ ನೆರಳಲ್ಲಿ ಎದ್ದು ಕೂರುವುದು ಮಾತ್ರ. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ್ದು, ಮೂರು ದಿನವಾದರೂ ಸಮತೋಲದ್ದು. ನಿಮ್ಮವರಲ್ಲಿ ಬಹಳ ಮಂದಿ ಅಷ್ಟು ಮುಟ್ಟಲಾರರು. ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಒಳ್ಳೆಯದೆಂದು ಅದೇ ಸಂಸ್ಥೆ ಹೇಳಿದೆ. ಹೇಳಿಕೊಡುವವರ ಕೊರತೆ ನಿಜ. ಹಿರಿಯರ ಆರೋಗ್ಯಕ್ಕೆಂದು 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ, ಜಿಲ್ಲಾ ಆಸ್ಪತ್ರೆಯಿಂದ ಕೆಳಗಿನ ದವಾಖಾನೆಗಳವರೆಗೆ ಹಿರಿಯರ ಚಿಕಿತ್ಸೆ, ಫಿಸಿಯೋಥೆರಪಿ ಮುಟ್ಟಿಸುವುದು ಅದರ ಉದ್ದೇಶ. ತಾಲ್ಲೂಕು ದವಾಖಾನೆಗೆ ಹೋಗಿ ಕೇಳು, ಬರವಣಿಗೆಯಲ್ಲಿ ಕೇಳು. ತಿಂಗಳಿಗೊಮ್ಮೆ ಅವರು ಬಂದು ಎದೆ, ಬಿಪಿ, ಕೀಲು ನೋಡಿ ಯಾರಿಗೆ ಏನು ಬೇಡ ಎಂದು ಹೇಳಿದರೆ ಸಾಕು. ಉಳಿದ ದಿನ ಆಯಾಗಳೇ ನಡೆಸಬಲ್ಲರು. ಅಳತೆಗೆ ಒಂದು ಗಡಿಯಾರ ಸಾಕು. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಎಂದು ನೋಡಿ ಬರೆದಿಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಸಾಮರ್ಥ್ಯ ಕುಂದಿದೆ ಎಂಬುದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿದ ಗೆರೆ. ಔಷಧಿ ಕೊಟ್ಟದ್ದಕ್ಕೆ ವಹಿ ಇಡುತ್ತೀರಿ, ಇದಕ್ಕೂ ಒಂದು ವಹಿ ಇರಲಿ.

ಕಿರಿಯ: ಮತ್ತ ಬ್ಯಾರೆ ಎತ್ತರ ಅಂದ್ರೆಲ್ಲ, ಅದೇನದು?

ಹಿರಿಯ: ಅಂಗಳದಲ್ಲಿ ಬೇವಿನ ಗಿಡದ ಸುತ್ತ ಒಂದು ಕಟ್ಟಿ ತೋರಿಸಿದ್ದೀರಿ ನಕ್ಷೆಯಲ್ಲಿ. ಒಂದರ ಬದಲು ಮೂರು ಕಟ್ಟಿಸಿ, ಮೂರು ಎತ್ತರದವು. ಒಂದು 22 ಇಂಚು, ಒಂದು 19, ಒಂದು 16. ಕುಳಿತುಕೊಳ್ಳುವ ಜಾಗ ಎತ್ತರವಿದ್ದಷ್ಟೂ ಏಳುವುದು ಹಗುರ. ಹೊಸದಾಗಿ ಬಂದವರು, ಕಾಯಿಲೆಯಿಂದ ಎದ್ದವರು ಎತ್ತರದ ಕಟ್ಟಿಯಲ್ಲಿ ಕೂರಲಿ. ಐದು ಸಲ ಸಲೀಸಾಗಿ ಎದ್ದರೆ ಮರುವಾರ ನಡುವಿನದು. ಗರಡಿಯಲ್ಲಿ ಗುಂಡು ದೊಡ್ಡದಾಗುತ್ತ ಹೋದಂತೆ ಇಲ್ಲಿ ಕಟ್ಟಿ ತಗ್ಗಾಗುತ್ತ ಹೋಗುತ್ತದೆ. ಹಿಡಿಯಲು ಪಕ್ಕಕ್ಕೊಂದು ಕಬ್ಬಿಣದ ಸರಳು ನಿಲ್ಲಿಸಿ. ಅಗಸಿ ಕಟ್ಟಿ ಹಿಡಿದ ಗಂಡಸರಿಗೂ ಇದು ಗೊತ್ತಿರುವ ಜಾಗವೇ. ಯಾರು ಯಾವ ಕಟ್ಟಿಯವರು ಎಂದು ಚೇಷ್ಟೆ ಶುರುವಾದೀತು, ಆಗಲಿ.

ಕಿರಿಯ: ಮೂರು ಕಟ್ಟಿ ಮೂರು ಅಳತಿ ಅಂದ್ರ ಗವಂಡಿ ನಗ್ತಾನ್ರಿ. ಅಳತಿ ತಪ್ಪೈತಿ ಅಂತ ತಾನ ಸಮಾ ಮಾಡಿಬಿಡ್ತಾನ.

ಹಿರಿಯ: ಅದಕ್ಕೇ ಕಟ್ಟುವ ದಿನ ನೀನು ಅಲ್ಲೇ ನಿಂತಿರು. ಅಳತೆ ಪಟ್ಟಿ ಕೈಯಲ್ಲಿರಲಿ.